ಇಪ್ಪತ್ತೆಂಟಕ್ಕೂ ಕೇಳದ ಪದ

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ನನ್ನ ಪ್ಲೇಯರಿನ ಪರದೆ ಧ್ವನಿಯ ಅಂಕಿಯನ್ನು ಇಪ್ಪತ್ತೆಂಟು ಎಂದು ತೋರಿಸುತ್ತಿತ್ತು. ಅದಕ್ಕಿರುವ ಗರಿಷ್ಠ ಅಂಕಿಯೇ ಮೂವತ್ತು. ಆದರೂ ದೇವದುರ್ಗದ ದೊಡ್ಡವ್ವನ ಬೀಸುಕಲ್ಲಿನ ಪದ ಪಕ್ಕದ ಓಣಿಯಿಂದ ಬಂದಂತೆ ಕ್ಷೀಣವಾಗಿ ಕೇಳಿಸುತ್ತಿತ್ತು. ನಾಲ್ಕು ವರ್ಷಗಳ ಹಿಂದೆ ನಾನೇ ಧ್ವನಿ ಮುದ್ರಿಸಿಕೊಂಡ ಆ ಪದಗಳನ್ನು ಈಗ ಬಿಡುವಿನ ವೇಳೆಯಲ್ಲಿ ಕೇಳಿ ಬರೆದಿಡುತ್ತಿದ್ದೇನೆ. ಹಳೆಯ ಇಯರ್‌ಫೋನಿನಲ್ಲಿ ಹತ್ತಕ್ಕೇ ಕಿವಿ ತುಂಬುತ್ತಿತ್ತು. ಅದರ ತಂತಿ ಹರಿದಾಗ, ಮುಚ್ಚಿಹೋಗುತ್ತಿದ್ದ ಸ್ಟುಡಿಯೋ ಒಂದರಿಂದ ಕಿವಿಯನ್ನೆಲ್ಲ ಆವರಿಸುವ ದೊಡ್ಡ ಹೆಡ್‌ಫೋನನ್ನು ಹೆಮ್ಮೆಯಿಂದ ಕೊಂಡು ತಂದಿದ್ದೆ.

ದೊಡ್ಡದು ಸಣ್ಣದಕ್ಕಿಂತ ಜೋರಾಗಿರಬೇಕಲ್ಲವೇ, ನೀವೇ ಹೇಳಿ? ಹಾಗಿಲ್ಲವೆಂದಾಗ ನಾನು ಯಂತ್ರವನ್ನು ಶಂಕಿಸಲಿಲ್ಲ, ನನ್ನನ್ನೇ ಶಂಕಿಸಿಕೊಂಡೆ. ಐವತ್ತರಲ್ಲಿ ಅಪ್ಪನ ಕಿವಿ ಮಂದವಾಗಿತ್ತು, ನನಗೂ ಈಗ ಐವತ್ತು. ಮಾನ್ವಿಯ ಶಾಲೆಯಲ್ಲಿ ಕನ್ನಡ ಪಾಠ ಹೇಳುವಾಗ ಹುಡುಗಿಯರ ಉತ್ತರವನ್ನು ಎರಡೆರಡು ಸಲ ಕೇಳತೊಡಗಿದೆ. ಬರೆಯುವ ಕೆಲಸ ನನ್ನಿಂದಾಗದೆಂದು ಹೇಳಿಬಿಡಲು ಒಂದು ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ.

ದೊಡ್ಡವ್ವನಿಗೆ ಎಪ್ಪತ್ತೈದು ದಾಟಿದರೂ ಮೂರನೆಯ ಮನೆಯ ಕುಕ್ಕರಿನ ಸೀಟಿ ಎಣಿಸುವಷ್ಟು ಕಿವಿ ಚುರುಕು. ನನ್ನ ಮಾತು ಮುಗಿಯುವ ಮೊದಲೇ ಹೆಡ್‌ಫೋನನ್ನು ಸೆರಗಿನ ಮೇಲೆಯೇ ಏರಿಸಿಕೊಂಡಳು.

"ಯವ್ವಾ, ಇದು ನನ್ನ ದನಿ ಏನು? ಇಷ್ಟು ಸಣ್ಣಗ ಕೇಳಾಕತ್ತದಲ್ಲ!"

"ನಿನಗೂ ಹಂಗ ಕೇಳ್ತದೇನು?"

"ಇಬ್ಬರ ಕಿವಿನೂ ಒಮ್ಮಿಗೇ ಕೆಟ್ಟಾವೇನು ಮತ್ತ? ಹೋಗು, ರಾಯಚೂರಾಗ ಯಾರಿಗರೆ ತೋರ್ಸು. ಕಿವಿ ಅಲ್ಲ, ಇದನ್ನ."

ರಾಯಚೂರಿನಲ್ಲಿ ರೇಡಿಯೋ ದುರಸ್ತಿ ಮಾಡುವ ಖಾಜಾಸಾಬರು ಹೆಡ್‌ಫೋನನ್ನು ತಿರುಗಿಸಿ ನೋಡಿ ನಕ್ಕರು. "ನಿಮ್ಮ ಕಿವಿ ಬರೋಬರಿ ಅದಾವ್ರೀ ಮೇಡಂ. ಇದು ಸ್ಟುಡಿಯೋದ ಮಾಲು. ಒಳಗ ಕೂದಲಿನಂಥ ತಂತಿ ಭಾಳ ಸುತ್ತ್ಯಾರ, ಓಮ್ ಜಾಸ್ತಿ, ಅಂದರ ಕರೆಂಟಿಗೆ ತಡೆ ಜಾಸ್ತಿ. ಅದಕ್ಕ ವೋಲ್ಟೇಜ್ ಜಾಸ್ತಿ ಬೇಕು. ನಿಮ್ಮ ಪ್ಲೇಯರ್ ಸಣ್ಣದು, ಎಲ್ಲಿಂದ ಕೊಟ್ಟೀತು?"

"ಅಂದರ ಓಮ್ ಕಡಿಮಿ ಇದ್ದದ್ದು ಜೋರು ಅನ್ರಿ," ಎಂದೆ, ಸೂತ್ರ ಸಿಕ್ಕ ಸಂತೋಷದಲ್ಲಿ.

"ಹಂಗೂ ಅನ್ನಾಕ ಬರಂಗಿಲ್ರೀ. ಓಮ್ ಕಡಿಮಿ ಇದ್ದೂ ಮೆತ್ತಗ ಹಾಡೋವು ಅದಾವ. ಕೆಲವು ಚೂರು ಕರೆಂಟಿಗೇ ಜೋರು ಕೂಗ್ತಾವ, ಕೆಲವಕ್ಕ ಎಷ್ಟು ಕೊಟ್ಟರೂ ಸಾಲಂಗಿಲ್ಲ."

ಸಂಧಿಯ ನಿಯಮಕ್ಕಿಂತ ಅಪವಾದಗಳನ್ನೇ ಹೆಚ್ಚು ಕಲಿಸಿದವಳಿಗೂ ಇದು ಪೂರ್ತಿ ದಕ್ಕಲಿಲ್ಲ. ಅಂಕಿ ಹೇಳುವುದು ಪ್ಲೇಯರ್ ಎಷ್ಟು ಕೊಡುತ್ತದೆಂಬುದನ್ನೋ, ನಾನು ಎಷ್ಟು ಕೇಳುತ್ತೇನೆಂಬುದನ್ನೋ? ಎರಡೂ ಒಂದೇ ಎಂದು ನಂಬಿ ತಿಂಗಳಿಡೀ ಕಿವುಡಿಯಾಗಿ ಬದುಕಿದ್ದೆನಲ್ಲ!

ಖಾಜಾಸಾಬರು ಪ್ಲೇಯರಿಗೂ ಹೆಡ್‌ಫೋನಿಗೂ ನಡುವೆ ಸಣ್ಣದೊಂದು ಆಂಪ್ಲಿಫೈಯರ್ ಸಿಕ್ಕಿಸಿ, "ಈಗ ಕೇಳ್ರಿ" ಎಂದರು.

ದೊಡ್ಡವ್ವ ನನ್ನೆದುರೇ ಕುಳಿತು ಹಾಡಿದಂತಿತ್ತು. ಕಲ್ಲಿನ ಗರಗರ, ಆಕೆ ಎಳೆದುಕೊಂಡ ಉಸಿರು, ಬಳೆಯ ಸಪ್ಪಳ. ಮತ್ತೆ ಪಲ್ಲವಿ ಬಂದಾಗಲೆಲ್ಲ ಅದರಡಿಯಲ್ಲಿ, ಹೌದೋ ಅಲ್ಲವೋ ಎಂಬಂತೆ, ಇನ್ನೊಂದು ಹೆಣ್ಣುದನಿ. ಮುದ್ರಿಸಿದ ದಿನ ಬೀಸುಕಲ್ಲಿನ ಗೂಟಕ್ಕೆ ಇನ್ನೊಂದು ಕೈ ಕೊಟ್ಟು ಕುಳಿತಿದ್ದವಳು ನನ್ನ ಅವ್ವ. ಆಕೆ ತೀರಿಕೊಂಡು ಎರಡು ವರ್ಷವಾಯಿತು. "ನನಗ ಹಾಡಾಕ ಬರಂಗಿಲ್ಲ" ಎಂದೇ ಆಯುಷ್ಯ ಕಳೆದವಳು, ನಮಗೆ ಲಾಲಿಯನ್ನೂ ಹಾಡಿದವಳಲ್ಲ.

ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ದೊಡ್ಡವ್ವನಿಗೆ ಫೋನು ಮಾಡಿದೆ. ಅವ್ವನೂ ನಿನ್ನ ಜೊತೆ ಹಾಡಿದ್ದಳೇ ಎಂದು ಕೇಳಿದೆ.

"ನಿಮ್ಮವ್ವ ಹಾಡಿದ್ದು ನಾ ಒಂದಿನನೂ ಕೇಳಿಲ್ಲ ಯವ್ವಾ. ಕಲ್ಲಿನ ಸಪ್ಪಳ ಇದ್ದೀತು."

ಇದ್ದೀತು. ಕಲ್ಲೂ ರಾಗ ಹಿಡಿಯುತ್ತದೆಂದು ಬೀಸಿದವರೇ ಹೇಳುತ್ತಾರೆ. ಅಂದು ಮಾನ್ವಿಗೆ ಮರಳಿ ನೋಟ್‌ಬುಕ್ ತೆರೆದು, ಹಾಡಿದವರು ಎಂಬಲ್ಲಿ ದೊಡ್ಡವ್ವನ ಹೆಸರಿನ ಕೆಳಗೆ ಅವ್ವನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದೆ. ಅದರ ಮೇಲೆ ಪೆನ್ನಿನಿಂದ ತಿದ್ದಬೇಕೋ, ರಬ್ಬರು ಆಡಿಸಬೇಕೋ, ಇವತ್ತಿಗೂ ನನಗೆ ತಿಳಿದಿಲ್ಲ.