ಅಗಳು ಎಂಬ ಪದಕ್ಕೆ ನಾನು ಬರೆದ ಅರ್ಥ

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಕಾಸರಗೋಡಿನ ಸರಕಾರಿ ಕಚೇರಿಯೊಂದರಲ್ಲಿ ಭಾಷಾಂತರಕಾರನಾಗಿದ್ದೆ. ಹಳೆಯ ಕನ್ನಡ ದಾಖಲೆಗಳನ್ನು ಮಲಯಾಳಕ್ಕೆ ತರುವುದು ನನ್ನ ಕೆಲಸ. ಆ ವರ್ಷ ಪುತ್ತಿಗೆಯ ಕಡೆಯ ಗುಡ್ಡವೊಂದರ ಬುಡದಲ್ಲಿದ್ದ ಕೆಂಪುಕಲ್ಲಿನ ಸಾಲಿನ ವಿಚಾರ ಬಂತು. ಅಲ್ಲಿ ಹಿಂದೆ ಪೇಟೆಯಿತ್ತು, ಪೇಟೆಯ ಸುತ್ತ ಕೋಟೆಗೋಡೆಯಿತ್ತು ಎಂದು ಊರವರ ನಂಬಿಕೆ. ಪುರಾತತ್ವ ಅಧಿಕಾರಿ ಶೈಲಜಾ ಅಳೆದು ನೋಡಿದರು. ನಲುವತ್ತು ಮೀಟರ್ ಉದ್ದ, ಎದೆಯೆತ್ತರ. ಬಾಗಿಲಿಲ್ಲ, ಕೊತ್ತಳವಿಲ್ಲ. ಪಕ್ಕದಲ್ಲಿ ಅರ್ಧ ಮುಚ್ಚಿಹೋದ ಕಣಿ, ಅಂದರೆ ಉದ್ದಕ್ಕೆ ತೋಡಿದ ಹಳ್ಳ. ಸಾಕ್ಷ್ಯ ಸಾಲದು ಎಂದರು.

ಆಗ ನನ್ನ ಕೈಗೆ ಆ ಜಾಗದ ಹಳೆಯ ಪತ್ರವೊಂದರ ಪ್ರತಿ ಬಂತು. ಗಡಿ ಹೇಳುವಲ್ಲಿ ‘ಅಗಳಿನಿಂದ ಮೂಡಕ್ಕೆ’ ಎಂದಿತ್ತು. ಅಗಳು ಎಂದರೆ ಕೋಟೆಯ ಸುತ್ತಲಿನ ಕಂದಕ. ನಮ್ಮ ಕಡೆ ತೋಟಕ್ಕೆ ದನ ನುಗ್ಗದಂತೆ ತೋಡುವ ಕಣಿಗೂ ಅದೇ ಹೆಸರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೋಟೆಯ ಕಂದಕ ಎಂದೇ ಬರೆದೆ.

“ಈ ಪದಕ್ಕೆ ಬೇರೆ ಅರ್ಥ ಇದೆಯೇ?” ಶೈಲಜಾ ಮಲಯಾಳದಲ್ಲಿ ಕೇಳಿದರು.

“ಇಲ್ಲ,” ಎಂದೆ.

ಯಾರ ಒತ್ತಡವೂ ಇರಲಿಲ್ಲ. ಕನ್ನಡದ ಹಳೆಯ ಪೇಟೆಯೊಂದು ನನ್ನಿಂದ ಬೆಳಕಿಗೆ ಬರಲಿ ಎಂಬ ಆಸೆ, ಅಷ್ಟೆ.

ನನ್ನ ಭಾಷಾಂತರವನ್ನು ನೆಚ್ಚಿಕೊಂಡು, ಅದು ಕೋಟೆಗೋಡೆಯಿರಬಹುದು ಎಂದು ಶೈಲಜಾ ಅವರ ವರದಿ ಹೋಯಿತು. ಜಾಗದ ಸುತ್ತ ಕಟ್ಟಡ ಕೆಲಸ ನಿಂತಿತು. ಕಲ್ಲಿನ ಸಾಲಿಗೆ ತಾಗಿ ಬೀಡಿ ಕಟ್ಟುವ ಸುಶೀಲಕ್ಕನ ಹತ್ತು ಸೆಂಟ್ಸ್ ಜಾಗ ಇತ್ತು. ಹಳೆಯ ಮನೆ ಕೆಡವಿ ಹೊಸದಕ್ಕೆ ಪಂಚಾಂಗ, ಅಂದರೆ ಅಡಿಪಾಯ, ಹಾಕಿದ್ದರು. ಪರ್ಮಿಟ್ ತಡೆಹಿಡಿಯಲಾಯಿತು. ಎರಡು ಮಳೆಗಾಲ ಅವರು ಮಗಳೊಂದಿಗೆ ಟಾರ್ಪಾಲಿನ ಕೆಳಗೆ ಕಳೆದರು.

ಕೊನೆಗೆ ಟ್ರೆಂಚ್ ತೆಗೆಯಲು, ಅಂದರೆ ಕಲ್ಲಿನ ಸಾಲಿಗೆ ಅಡ್ಡವಾಗಿ ಅಗೆದು ಮಣ್ಣಿನ ಪದರ ನೋಡಲು, ಅನುಮತಿ ಸಿಕ್ಕಿತು. ಎಲ್ಲಕ್ಕಿಂತ ಕೆಳಗಿನ ಕಲ್ಲಿನಡಿಯಲ್ಲಿ ಮಂಗಳೂರು ಹಂಚಿನ ಚೂರು ಇತ್ತು, ಕಾರ್ಖಾನೆಯ ಅಚ್ಚಿನ ಅಕ್ಷರ ಸಹಿತ. ಹಂಚಿನ ಕಾರ್ಖಾನೆಗಳು ಬಂದ ಮೇಲೆ ಇಟ್ಟ ಕಲ್ಲು ಅದು.

“ಈ ಭಾಗ ಈಚೆಯದು. ಬೇರೆ ಕಡೆ ಗೋಡೆ ಇತ್ತೋ ಇಲ್ಲವೋ, ಹೇಳಲಾಗದು,” ಎಂದರು ಶೈಲಜಾ.

ಗುಂಡಿಯ ಅಂಚಿನಲ್ಲೇ ನಿಂತು ಅಗಳಿನ ಇನ್ನೊಂದು ಅರ್ಥ ಹೇಳಿದೆ. ಅವರು ನನ್ನ ಮುಖ ನೋಡಿದರು. “ಅಂದು ಕೇಳಿದ್ದೆನಲ್ಲ,” ಎಂದಷ್ಟೇ ಹೇಳಿ ಟೇಪು ಸುತ್ತತೊಡಗಿದರು. ಮರುದಿನ ತಪ್ಪೊಪ್ಪಿಗೆಯ ಪತ್ರ ಬರೆದುಕೊಟ್ಟೆ. ತಡೆ ತೆರವಾಯಿತು.

ಸುಶೀಲಕ್ಕನಿಗೆ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ.

“ಅದು ದನಕ್ಕೆ ತೋಡಿದ ಅಗಳು ಅಂತ ನಾನು ಮೇಡಮಿಗೆ ಆಗಲೇ ಹೇಳಿದ್ದೆ ಸಾರ್. ಕಾಗದದಲ್ಲಿ ಬೇರೆ ಉಂಟು ಅಂದ್ರು. ಕಲಿತವರು ಬರೆದದ್ದಲ್ವಾ, ನಂಗೇ ಗೊತ್ತಿಲ್ಲದ್ದೆಂತಾದ್ರೂ ಇರ್ಬಹುದು ಅಂತ ಸುಮ್ಮನಾದೆ.”

ಉಳಿದ ಸರ್ವಿಸಿನಲ್ಲಿ ಎರಡು ಅರ್ಥವಿದ್ದಲ್ಲಿ ಎರಡನ್ನೂ ಬರೆದೆ, ತಿಳಿಯದಲ್ಲಿ ತಿಳಿಯದು ಎಂದು ಬರೆದೆ. ಭಾಷಾಂತರಕಾರನ ಆಸೆಗೆ ಕಾಗದದಲ್ಲಿ ಜಾಗವಿಲ್ಲ ಎಂಬುದನ್ನು ನಾನು ಕಲಿತದ್ದು ಅಷ್ಟು ತಡವಾಗಿ. ಸುಶೀಲಕ್ಕ ಮನೆ ಒಕ್ಕಲಿಗೆ, ಹೊಸ ಮನೆಯ ಗೃಹಪ್ರವೇಶಕ್ಕೆ, ಫೋನ್ ಮಾಡಿ ಕರೆದಿದ್ದರು. ಹೋಗಲು ನನಗೆ ಮುಖವಿರಲಿಲ್ಲ.