ಎಡಚರ ಸೈನ್ಯ

ನಮ್ಮ ಚನ್ನಗಿರಿಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಸಾಬರು, ಯಾರು ಏನನ್ನು ಹೊಗಳಿದರೂ "ಕೆರೆದು ನೋಡ್ರಿ, ಒಳಗೆ ತಾಮ್ರಾನೇ" ಅನ್ನುತ್ತಿದ್ದರು. ಟೆಂಟಿಗೆ ಹಳೇ ರಾಜರ ಯುದ್ಧದ ಸಿನಿಮಾ ಬರುತ್ತದೆಂದು ಊರೆಲ್ಲ ಕುಣಿಯುವಾಗಲೂ ಅದನ್ನೇ ಅಂದರು. "ಬಡ ಕಂಪನಿ ಕಣ್ರೀ. ಅಕ್ಕಿಗೆ ರೇಷನ್ ಐತೆ, ಅಷ್ಟು ಸೈನ್ಯಕ್ಕೆ ಅನ್ನ ಹಾಕಾಕೆ ಆಗತೈತಾ?"

ಆದರೂ ಮೊದಲ ಆಟಕ್ಕೇ ಹೋಗಿ, ಟಿಕೆಟ್ ಅಗ್ಗವೆಂದು ಪರದೆಯ ಹಿಂಬದಿ ಕೂತರು. ಅಲ್ಲಿಂದ ನೋಡಿದರೆ ಎಡಬಲ ಎಲ್ಲ ತಿರುಗುಮುರುಗು. ರಾಜನಿಂದ ಹಿಡಿದು ಕಾಲಾಳಿನವರೆಗೆ ಎಲ್ಲರ ಕತ್ತಿಯೂ ಎಡಗೈಯಲ್ಲಿ!

"ಕಾಸಿಲ್ದೆ ಬರೀ ಎಡಚರನ್ನ ಹಿಡಕಂಡು ಬಂದಾರೆ" ಎಂದು ಬೆಳಿಗ್ಗೆ ಸಂತೆ ತುಂಬಾ ಬೈದರು. ತಡೆಯಲಾರದೆ ನಾನೇ ಅವರನ್ನು ಸಂಜೆ ಪರದೆಯ ಮುಂದೆ ಕೂರಿಸಿದೆ. ಕತ್ತಿಗಳೆಲ್ಲ ಬಲಗೈಗೆ ಬಂದಿದ್ದವು.

ಸಾಬರು ಗಡ್ಡ ನೀವಿಕೊಂಡರು. "ನೋಡಿದ್ರಾ, ಬೈದಿದ್ದು ಕಂಪನಿಗೆ ಮುಟ್ಟೈತೆ. ನಾಳೆ ಆನೆ ಸಾಲದು ಅಂತ ಬೈತೀನಿ, ತಡೀರಿ."