ಕೈರೋದಲ್ಲಿ ಹತ್ತು ಗಂಟೆ

ತಂತಿಯಲ್ಲಿದ್ದದ್ದು ಇಷ್ಟೇ: ‘ಅಕ್ಕ ಸೀರಿಯಸ್. ಕೂಡಲೇ ಹೊರಡು.’ ಕಳಿಸಿದವರು ನನ್ನ ಭಾವ. ಅರವತ್ತರ ದಶಕದ ನಡುವಿನ ಮಾತು. ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಕಲಿಯುತ್ತಿದ್ದೆ.

ನನಗೆ ಐದು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅಲ್ಲಿಂದಾಚೆ ನನ್ನನ್ನು ಸಾಕಿದವಳು ಅಕ್ಕ. ಮದುವೆಯಾಗಿ ಅಲ್ಲಾಳಸಂದ್ರಕ್ಕೆ ಹೊರಟಾಗ, ‘ಇವಳೂ ಬಂದ್ರೇನೇ ನಾನು ಬರೋದು’ ಎಂದು ಹಟ ಹಿಡಿದು ನನ್ನನ್ನೂ ಗಾಡಿ ಹತ್ತಿಸಿಕೊಂಡಳು. ಯಲಹಂಕದ ಶಾಲೆಗೆ ನಡೆದು ಹೋಗುವಾಗ ಕೆರೆ ಏರಿಯ ತನಕ ಜೊತೆಗೆ ಬಂದು, ನಾನು ಮರೆಯಾಗುವವರೆಗೂ ನಿಂತಿರುತ್ತಿದ್ದಳು.

ರಜೆ, ಟಿಕೆಟ್ಟು ಎಂದು ಮೂರು ದಿನ ಹೋಯಿತು. ಕೈರೋದಲ್ಲಿ ವಿಮಾನ ಬದಲಿಸಬೇಕಿತ್ತು. ಬೆಳಿಗ್ಗೆ ಅಲ್ಲಿ ಇಳಿದರೆ ಬೊಂಬಾಯಿಯ ವಿಮಾನ ಸಂಜೆಗೆ. ಕಾಯುವವರನ್ನೆಲ್ಲ ಬಸ್ಸಿನಲ್ಲಿ ಪಿರಮಿಡ್ ನೋಡಲು ಕರೆದೊಯ್ಯುತ್ತೇವೆಂದು ಒಬ್ಬ ಬಂದು ಹೇಳಿದ. ಎಲ್ಲರೂ ಗಡಿಬಿಡಿಯಿಂದ ಎದ್ದರು. ನಾನು ಬೆಂಚಿನ ಮೇಲೆ ಕೂತೇ ಇದ್ದೆ, ತಾಯಿ ತಾಯಿ ಎಂದು ಊರಮ್ಮನಿಗೆ ಏನೇನೋ ಹರಕೆ ಹೊರುತ್ತ.

“ನೀನು ಬರಲ್ವೇನಮ್ಮಾ?”

ಕನ್ನಡ ಕೇಳಿ ಬೆಚ್ಚಿದೆ. ಹಣ್ಣುಗೂದಲಿನ ಯಜಮಾನರೊಬ್ಬರು, ಕೊರಳಲ್ಲಿ ಕ್ಯಾಮೆರಾ. ನನ್ನ ಗೊಣಗಾಟ ಕೇಳಿಸಿಕೊಂಡಿದ್ದರಂತೆ. ತಾವು ಯಶವಂತಪುರದವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು ಎಂದರು. ನಾನು ತಂತಿಯನ್ನು ಅವರ ಕೈಗೆ ಕೊಟ್ಟೆ. ಓದಿದರು. ಮಡಿಸಿ ವಾಪಸು ಕೊಟ್ಟು, ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಹಾಕಿ ಪಕ್ಕದಲ್ಲಿ ಕೂತರು.

“ಬಸ್ಸು ಹೊರಡುತ್ತೆ ಸಾರ್.”

“ಹೋಗ್ಲಿ ಬಿಡು. ಪಿರಮಿಡ್ ಇನ್ನೆಲ್ಲಿಗೆ ಹೋಗುತ್ತೆ?”

ಕಾಫಿ ತರಿಸಿದರು. ಕಹಿ, ದಪ್ಪ ಗಸಿ. ಬ್ರೆಡ್ಡು ಮುರಿದು ಕೊಟ್ಟು, “ತಿನ್ನು, ಮುಂದೆ ದಾರಿ ದೂರ ಇದೆ” ಎಂದರು. “ನಿಮ್ಮಕ್ಕನ ವಿಷಯ ಹೇಳಮ್ಮ” ಎಂದರು. ನಾನು ಹೇಳುತ್ತ ಹೋದೆ. ಅವಳು ಸೊಪ್ಪಿನ ಸಾರು ಮಾಡುವ ರೀತಿ, ನಾನು ಕಲಿಸಿದ ದಪ್ಪ ಅಕ್ಷರಗಳಲ್ಲಿ ಅವಳು ಬರೆಯುವ ಕಾಗದ, ಹಸು ಈದರೂ ನನಗೆ ಸುದ್ದಿ. ಗಾಜಿನಾಚೆ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಮಧ್ಯಾಹ್ನ ಕಳೆದಿತ್ತು. “ಎಂಥಾ ತಾಯಿ ಇದ್ರಮ್ಮ ಅವರು!” ಎಂದರು.

“ಇದ್ರು ಅಂದ್ರಲ್ಲ ಸಾರ್?”

ಅವರು ಕನ್ನಡಕ ತೆಗೆದರು. “ತಪ್ಪಾಯ್ತು ಕಣಮ್ಮ. ಬಾಯ್ತಪ್ಪಿ ಬಂತು. ನಮ್ಮ ಕಡೆ ದೂರದೋರಿಗೆ ಸೀರಿಯಸ್ ಅಂತ ತಂತಿ ಕೊಟ್ರೆ...” ಎಂದು ಕನ್ನಡಕ ಒರೆಸತೊಡಗಿದರು.

ವಾರ್ಡಿನಲ್ಲಿ ಎಷ್ಟೋ ಸಾವು ಕಂಡವಳು ನಾನು. ಎಷ್ಟೋ ಮನೆಯವರನ್ನು ಹಿಡಿದು ಕೂರಿಸಿದವಳು. ಆದರೂ ಮೂರು ದಿನ ಆ ಕಾಗದದ ಚೂರು ಹಿಡಿದುಕೊಂಡು ಅಕ್ಕ ಆಗಲೇ ಹೋಗಿರಬಹುದೆಂದು ನನಗೆ ಹೊಳೆದಿರಲಿಲ್ಲ. ಮುಖ ಮುಚ್ಚಿಕೊಂಡು ಅತ್ತೆ. ಅವರು ನನ್ನನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಹೋಗುವ ಬರುವವರು ನೋಡದಂತೆ ನನ್ನ ಮುಂದೆ ಬೆನ್ನು ತಿರುಗಿಸಿ ನಿಂತರು. ಆ ಹೊತ್ತಿಗೆ ಬಸ್ಸಿನವರು ವಾಪಸು ಬಂದರು. ಕೈಯಲ್ಲಿ ಮರದ ಒಂಟೆ, ತಲೆಯಲ್ಲಿ ಕೆಂಪು ಟೋಪಿ, ಎಲ್ಲರ ಮುಖದಲ್ಲೂ ನಗು.

ಅಲ್ಲಾಳಸಂದ್ರ ಮುಟ್ಟುವಷ್ಟರಲ್ಲಿ ಅಕ್ಕನ ಮಣ್ಣೂ ಹಾಲುತುಪ್ಪದ ಶಾಸ್ತ್ರವೂ ಆಗಿಹೋಗಿತ್ತು. ಭಾವ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅವರ ಮೇಲೆ ಕೂಗಾಡಿದೆ. ಯಾಕೆ ಸುಳ್ಳು ಬರೆದಿರಿ, ಕಾಯಿಲೆ ಬಿದ್ದಾಗಲೇ ಯಾಕೆ ತಿಳಿಸಲಿಲ್ಲ ಎಂದೆ.

“ಬ್ಯಾಡ ಅಂದ್ಲು ಕಣವ್ವ. ಓದು ಕೆಡ್ತದೆ ಅಂದ್ಲು. ಕೊನೇಗೆ, ಅವಳನ್ನ ಕರ್ಸಿ, ಒಂದು ಮಾತು ಏಳ್ಬೇಕು ಅಂದ್ಲು. ಅಷ್ಟೊತ್ತಿಗೆ ಎಲ್ಲಿ ಟೈಮಿತ್ತು?”

“ಏನು ಮಾತು ಭಾವ?”

“ನಾನೂ ಕೇಳ್ದೆ. ಅವ್ಳಿಗೇ ಏಳ್ತೀನಿ ಅಂದ್ಲು. ನನ್ಗೆ ಏಳ್ಲಿಲ್ಲ.”

ಹದಿನೈದು ದಿನ ಆ ಮನೆಯಲ್ಲಿದ್ದೆ. ಅವಳ ಪೆಟ್ಟಿಗೆ ತೆಗೆದು ನೋಡಿದೆ, ನೆರೆಯ ಹೆಂಗಸರನ್ನೆಲ್ಲ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.